ತೊರಪಲ್ಲಿಯಿಂದ ಹೊರಟ ದಾರಿ: ರಾಜಾಜಿಯವರ ಬದುಕು ಮತ್ತು ನಮ್ಮ ಸೀಮೆಯ ಗಾಡಿ, ರೈಲು, ಬಸ್ಸು



ಡಿಸೆಂಬರ್ ತಿಂಗಳಿಗೂ ಚಕ್ರವರ್ತಿ ರಾಜಗೋಪಾಲಾಚಾರಿಯವರಿಗೂ ಎರಡು ನಂಟು. ಅವರು ಹುಟ್ಟಿದ್ದು 1878ರ ಡಿಸೆಂಬರ್ 10ರಂದು, ನಮ್ಮ ಹೊಸೂರಿನ ಹತ್ತಿರದ ತೊರಪಲ್ಲಿ ಅಗ್ರಹಾರದಲ್ಲಿ. ತೀರಿಕೊಂಡದ್ದು 1972ರ ಡಿಸೆಂಬರ್ 25ರಂದು, ಮದರಾಸಿನಲ್ಲಿ. ಸಂಘದ ಪತ್ರಿಕೆಯಲ್ಲಿ ಹೋದ ವರ್ಷಗಳಲ್ಲಿ ಸಾಹಿತಿಗಳ, ದಾಸರ, ವಿದ್ವಾಂಸರ ಪರಿಚಯ ಕೊಡುತ್ತಾ ಬಂದಿದ್ದೇವೆ. ಈ ಸಲ ನಮ್ಮ ಮನೆ ಬಾಗಿಲಲ್ಲೇ ಹುಟ್ಟಿ ಬೆಳೆದ ಈ ಹಿರಿಯರ ಜೀವನವನ್ನು ಹೇಳೋಣ ಎಂದು ಕಾರ್ಯಕಾರಿ ಸಮಿತಿಯಲ್ಲಿ ತೀರ್ಮಾನವಾಯಿತು.

ತಮಿಳರಾದ ರಾಜಾಜಿಯವರ ಬಗ್ಗೆ ಕನ್ನಡ ಸಂಘದವರು ಏಕೆ ಬರೆಯಬೇಕು ಎಂದು ಕೆಲವರು ಕೇಳಬಹುದು. ಅವರ ಮನೆಮಾತು ತಮಿಳು ಹೌದು. ಆದರೆ ಅವರು ಹುಟ್ಟಿದ ಸೀಮೆಯಲ್ಲಿ ಬೀದಿಗೆ ಬಂದರೆ ಕನ್ನಡ, ಸಂತೆಗೆ ಹೋದರೆ ತೆಲುಗು, ಕಚೇರಿಗೆ ಹೋದರೆ ಇಂಗ್ಲಿಷು. ಅವರು ಬಿ.ಎ. ಓದಿದ್ದು ಬೆಂಗಳೂರಿನಲ್ಲಿ. ಅವರ ಬಾಳಿನುದ್ದಕ್ಕೂ ಜೊತೆಗಿದ್ದ ಗೆಳೆಯ ಒಬ್ಬ ಕನ್ನಡ ಲೇಖಕ. ಹೀಗಿರುವಾಗ ಅವರು ನಮಗೆ ಹೊರಗಿನವರಾಗುವುದಿಲ್ಲ.

ಅವರ ರಾಜಕೀಯದ ಕಥೆ ಎಲ್ಲ ಪುಸ್ತಕಗಳಲ್ಲೂ ಇದೆ. ನಾವು ಇಲ್ಲಿ ಸ್ವಲ್ಪ ಬೇರೆ ಕಡೆಯಿಂದ ನೋಡಿದ್ದೇವೆ. ಎತ್ತಿನ ಗಾಡಿಯ ಕಾಲದಲ್ಲಿ ಹುಟ್ಟಿ, ರೈಲಿನ ಕಾಲದಲ್ಲಿ ಬೆಳೆದು, ಬಸ್ಸು ಲಾರಿಗಳ ಕಾಲದಲ್ಲಿ ಆಡಳಿತ ನಡೆಸಿ, ಕಡೆಗೆ ವಿಮಾನದಲ್ಲಿ ಸಮುದ್ರ ದಾಟಿದ ಮನುಷ್ಯ ಅವರು. 94 ವರ್ಷಗಳ ಆ ಒಂದು ಆಯುಸ್ಸಿನಲ್ಲಿ ಜನ ಓಡಾಡುವ ರೀತಿ, ಸರಕು ಸಾಗುವ ರೀತಿ ಪೂರ್ತಿ ಬದಲಾಯಿತು. ಅದರಿಂದ ನಮ್ಮ ಊರುಗಳಿಗೆ ಏನಾಯಿತು ಎಂಬುದೂ ಈ ಕಥೆಯಲ್ಲೇ ಕಾಣುತ್ತದೆ.

ಬರಗಾಲದ ಬೆನ್ನಿಗೆ ಹುಟ್ಟಿದ ಮಗು

ರಾಜಾಜಿಯವರ ತಂದೆ ಚಕ್ರವರ್ತಿ ವೆಂಕಟಾರ್ಯ ಅಯ್ಯಂಗಾರ್ಯರು ತೊರಪಲ್ಲಿಯ ಮುನಸೀಫರು. ಹೆಸರು ಕೇಳಿ ದೊಡ್ಡ ನ್ಯಾಯಾಧೀಶರು ಎಂದುಕೊಳ್ಳಬಾರದು. ಮದರಾಸು ಪ್ರಾಂತದಲ್ಲಿ ಗ್ರಾಮ ಮುನಸೀಫ ಎಂದರೆ ನಮ್ಮ ಮೈಸೂರು ಕಡೆಯ ಪಟೇಲರ ಹಾಗೆ: ಕಂದಾಯ ವಸೂಲಿ, ಸಣ್ಣಪುಟ್ಟ ವ್ಯಾಜ್ಯ, ಊರಿನ ಲೆಕ್ಕ. ತಾಯಿ ಸಿಂಗಾರಮ್ಮ. ಸಂಪ್ರದಾಯಸ್ಥ ವೈಷ್ಣವ ಕುಟುಂಬ, ದೊಡ್ಡ ಆಸ್ತಿಯಿಲ್ಲ.

ಅವರು ಹುಟ್ಟುವುದಕ್ಕೆ ಸ್ವಲ್ಪ ಮುಂಚೆ, 1876ರಿಂದ 1878ರವರೆಗೆ, ದಕ್ಷಿಣ ಭಾರತವನ್ನು ಮಹಾಕ್ಷಾಮ ನುಂಗಿತ್ತು. ನಮ್ಮ ಹಿರಿಯರು ಧಾತು ಈಶ್ವರ ಸಂವತ್ಸರದ ಬರ ಎಂದು ಕರೆಯುತ್ತಿದ್ದುದು ಇದನ್ನೇ. ಮೈಸೂರು ಸಂಸ್ಥಾನ ಒಂದರಲ್ಲೇ ಸುಮಾರು 10 ಲಕ್ಷ ಜನ, ಅಂದರೆ ಐವರಲ್ಲಿ ಒಬ್ಬರು, ಇಲ್ಲವಾದರು ಎಂದು ಅಂದಾಜು. ಹೊಸೂರು ಆಗ ಸೇಲಂ ಜಿಲ್ಲೆಗೆ ಸೇರಿತ್ತು. ಆ ಜಿಲ್ಲೆಗೂ ಪೆಟ್ಟು ಜೋರಾಗಿಯೇ ಬಿತ್ತು.

ಆ ಬರದಲ್ಲಿ ಒಂದು ಸಂಗತಿ ಎಲ್ಲರ ಕಣ್ಣಿಗೂ ಹೊಡೆದು ಕಂಡಿತು. ಮದರಾಸು ರೇವಿಗೆ ಹಡಗಿನಲ್ಲಿ ಅಕ್ಕಿ ಬಂದು ಇಳಿಯುತ್ತಿತ್ತು. 1856ರಲ್ಲಿ ರಾಯಪುರದಿಂದ ಶುರುವಾದ ಮದರಾಸು ರೈಲು 1862ರ ಹೊತ್ತಿಗೆ ಸೇಲಂ ಮಾರ್ಗವಾಗಿ ಪಶ್ಚಿಮ ಕರಾವಳಿಯ ಬೇಪೂರು ಮುಟ್ಟಿತ್ತು. 1864ರಲ್ಲಿ ಜೋಲಾರಪೇಟೆಯಿಂದ ಬೆಂಗಳೂರು ದಂಡಿಗೂ ಹಳಿ ಬಂದಿತ್ತು. ಧಾನ್ಯ ಸ್ಟೇಷನ್ನಿನವರೆಗೂ ಬರುತ್ತಿತ್ತು. ಅಲ್ಲಿಂದ ಹಳ್ಳಿಗೆ ಹೋಗಬೇಕಾದರೆ ಎತ್ತಿನ ಗಾಡಿಯೇ ಗತಿ. ಮೇವು ನೀರಿಲ್ಲದೆ ಎತ್ತುಗಳೇ ಸತ್ತುಹೋಗಿದ್ದವು. ಮೂಟೆ ಒಂದು ಕಡೆ, ಹಸಿವು ಇನ್ನೊಂದು ಕಡೆ. ಅಕ್ಕಿಯ ಬೆಲೆಯೂ ಬಡವನ ಕೈಗೆ ಸಿಗದಷ್ಟು ಮೇಲಿತ್ತು ಎಂಬುದನ್ನು ಮರೆಯಬಾರದು. ಆದರೆ ದಾರಿಯಿಲ್ಲದ ಊರಿನ ಪಾಡು ಏನು ಎಂಬುದನ್ನು ಆ ಬರ ಸರಕಾರಕ್ಕೂ ಕಲಿಸಿತು. 1880ರ ಕ್ಷಾಮ ಆಯೋಗ ಬರಪೀಡಿತ ಸೀಮೆಗಳಿಗೆ ರೈಲು ಹಾಕಬೇಕೆಂದು ಶಿಫಾರಸು ಮಾಡಿತು.

ತೊರಪಲ್ಲಿಯ ಮುನಸೀಫರ ಮನೆಯಲ್ಲಿ ಈ ಮಾತುಗಳು ಹೊಸದಾಗಿರಲಾರವು. ಯಾವ ಹೊಲ ಬೀಳು ಬಿತ್ತು, ಯಾರು ಊರು ಬಿಟ್ಟರು ಎಂಬ ಲೆಕ್ಕವೆಲ್ಲ ಇರುತ್ತಿದ್ದುದು ಗ್ರಾಮಾಧಿಕಾರಿಗಳ ಬಳಿಯಲ್ಲೇ. ಮುಂದೆ 1952ರಲ್ಲಿ ಧಾನ್ಯದ ವಿಷಯದಲ್ಲಿ ರಾಜಾಜಿಯವರು ತೆಗೆದುಕೊಂಡ ದೊಡ್ಡ ನಿರ್ಧಾರವನ್ನು ಓದುವಾಗ ಈ ಬರವನ್ನು ನೆನಪಿನಲ್ಲಿ ಇಟ್ಟುಕೊಳ್ಳಿ.

ಹೊಸೂರು, ಬೆಂಗಳೂರು, ಎತ್ತಿನ ಗಾಡಿ

ಬಾಲಕನಿಗೆ ಐದು ವರ್ಷವಾದಾಗ ಕುಟುಂಬ ಹೊಸೂರಿಗೆ ಬಂತು. ಅಲ್ಲಿನ ಸರಕಾರಿ ಶಾಲೆಯಲ್ಲಿ ಓದು. ಆಗಿನ ಹೊಸೂರು ಸಣ್ಣ ಊರು. ಆದರೆ ಸಾಗಣೆಯ ವಿಷಯದಲ್ಲಿ ಅದಕ್ಕೆ ಆಗಲೇ ಒಂದು ಹೆಸರಿತ್ತು. ಪಕ್ಕದ ಮತ್ತಿಗಿರಿಯಲ್ಲಿ 1824ರಲ್ಲೇ ಈಸ್ಟ್ ಇಂಡಿಯಾ ಕಂಪನಿಯವರು ಸೈನ್ಯಕ್ಕೆ ಕುದುರೆ ಸಾಕುವ ಕೇಂದ್ರ ಮಾಡಿದ್ದರು. ಅದೇ ಈಗಿನ ಪಶು ಸಂವರ್ಧನ ಕೇಂದ್ರ. ಸುತ್ತಮುತ್ತಲ ಸೀಮೆಯ ಹಳ್ಳಿಕಾರ್, ಆಲಂಬಾಡಿ, ಬರಗೂರು ತಳಿಯ ಎತ್ತುಗಳು ಗಾಡಿ ಎಳೆಯುವುದಕ್ಕೆ ಹೆಸರಾದವು. ಈಗ ಲಾರಿ ಮಾಡುವ ಊರು ಆಗ ಕುದುರೆ ಎತ್ತುಗಳ ಊರಾಗಿತ್ತು.

ಹೊಸೂರಿನಿಂದ ಬೆಂಗಳೂರಿಗೆ ಸುಮಾರು 40 ಕಿಲೋಮೀಟರು. ಎತ್ತಿನ ಗಾಡಿ ಗಂಟೆಗೆ ಮೂರು ನಾಲ್ಕು ಕಿಲೋಮೀಟರು ನಡೆದರೆ ಹೆಚ್ಚು. ಸಂಜೆ ಹೊರಟು, ಗಾಡಿಯಲ್ಲಿ ಹುಲ್ಲು ಹಾಸಿ ಮಲಗಿದರೆ, ಬೆಳಗ್ಗೆ ಊರು ಸೇರುವ ದಾರಿ. ನಮ್ಮ ಸದಸ್ಯರಲ್ಲಿ ಎಷ್ಟೋ ಜನ ಈಗ ದಿನವೂ ಬೆಳಗ್ಗೆ ಹೋಗಿ ಸಂಜೆ ಬರುವ ಅದೇ ದಾರಿ ಆಗ ಒಂದು ರಾತ್ರಿಯ ಪಯಣ. ಓದುವುದಕ್ಕೆ ಹೋದ ಹುಡುಗ ಅಲ್ಲೇ ನಿಲ್ಲಬೇಕು, ರಜಕ್ಕೆ ಮಾತ್ರ ಊರಿಗೆ ಬರಬೇಕು.

1891ರಲ್ಲಿ ಮೆಟ್ರಿಕ್ಯುಲೇಷನ್ ಮುಗಿಸಿದ ರಾಜಗೋಪಾಲಾಚಾರಿ ಬೆಂಗಳೂರಿನ ಸೆಂಟ್ರಲ್ ಕಾಲೇಜಿನಲ್ಲಿ ಓದಿ 1894ರಲ್ಲಿ ಪದವಿ ಪಡೆದರು. ಅಲ್ಲಿ ಅವರಿಗೆ ಎರಡು ಲಾಭವಾಯಿತು. ಒಂದು, ಪ್ರೊಫೆಸರ್ ಟೇಟ್ ಅವರಂಥ ಇಂಗ್ಲಿಷ್ ಅಧ್ಯಾಪಕರ ಪಾಠ. ಇನ್ನೊಂದು, ಸಹಪಾಠಿ ನವರತ್ನ ರಾಮರಾಯರ ಸ್ನೇಹ. ರಾಮರಾಯರು ಮುಂದೆ ಮೈಸೂರು ಸಂಸ್ಥಾನದ ದೊಡ್ಡ ಅಧಿಕಾರಿಗಳಾದರು. ಅವರು ಬರೆದ ‘ಕೆಲವು ನೆನಪುಗಳು’ ಕನ್ನಡದ ಒಳ್ಳೆಯ ಆತ್ಮಕಥನಗಳಲ್ಲಿ ಒಂದು. ನಮ್ಮ ಸದಸ್ಯರಲ್ಲಿ ಓದಿದವರು ಅನೇಕರಿದ್ದಾರೆ. ರಾಜಾಜಿಯವರು ತಮಿಳಿನಲ್ಲಿ ಬರೆದ ಮಹಾಭಾರತದ ಕಥೆಗಳು ಇಂಗ್ಲಿಷಿಗೆ ಬರುವಾಗಲೂ ಈ ಗೆಳೆಯರ ಕೈ ಅದರಲ್ಲಿತ್ತು. ಬೆಂಗಳೂರಿನ ಒಂದು ತರಗತಿಯ ಬೆಂಚಿನಲ್ಲಿ ಶುರುವಾದ ಸ್ನೇಹ ರಾಜ್ಯ, ಭಾಷೆ, ಹುದ್ದೆ ಯಾವುದನ್ನೂ ಲೆಕ್ಕಿಸದೆ ಕಡೆಯವರೆಗೂ ನಡೆಯಿತು.

ಸೇಲಂ ವಕೀಲರು, ಹೊಸೂರಿನ ಸಣ್ಣ ರೈಲು

ಮದರಾಸಿನಲ್ಲಿ ಕಾನೂನು ಓದಿ 1900ರಲ್ಲಿ ರಾಜಾಜಿ ಸೇಲಂನಲ್ಲಿ ವಕೀಲಿ ಶುರುಮಾಡಿದರು. ಸೇಲಂ ಜಿಲ್ಲಾ ಕೇಂದ್ರ, ಮುಖ್ಯ ರೈಲುದಾರಿಯ ಮೇಲಿನ ಊರು. ರೈಲು ಬಂದ ಕಡೆ ವ್ಯಾಪಾರ ಬಂತು, ವ್ಯಾಪಾರ ಬಂದ ಕಡೆ ವ್ಯಾಜ್ಯ ಬಂತು, ವ್ಯಾಜ್ಯ ಬಂದ ಕಡೆ ವಕೀಲರು ಬಂದರು. ಆ ಕಾಲದ ಓದಿದ ಹುಡುಗರು ಅಗ್ರಹಾರ ಬಿಟ್ಟು ರೈಲು ಸ್ಟೇಷನ್ ಇರುವ ಊರುಗಳಿಗೆ ಹೋಗಿ ನೆಲೆಸಿದ್ದು ಹೀಗೆಯೇ. ನಮ್ಮ ಸೀಮೆಯ ಎಷ್ಟೋ ಅಗ್ರಹಾರಗಳು ಬರಿದಾದದ್ದಕ್ಕೆ ಇದೂ ಒಂದು ಕಾರಣ. ರಾಜಾಜಿಯವರ ವಕೀಲಿ ಬೇಗ ಕುದುರಿತು, ಸಂಪಾದನೆ ಚೆನ್ನಾಗಿಯೇ ಇತ್ತು.

ಇದೇ ಹೊತ್ತಿನಲ್ಲಿ ಕ್ಷಾಮ ಆಯೋಗದ ಹಳೆಯ ಶಿಫಾರಸು ನಮ್ಮ ಸೀಮೆಗೆ ಫಲ ಕೊಟ್ಟಿತು. 1905ರಲ್ಲಿ ತಿರುಪತ್ತೂರಿನಿಂದ ಕೃಷ್ಣಗಿರಿಗೆ, 1906ರಲ್ಲಿ ಮೊರಪ್ಪೂರಿನಿಂದ ಧರ್ಮಪುರಿಗೆ ಸಣ್ಣ ಹಳಿಯ ರೈಲುಗಳು ಬಂದವು. 1913ರಲ್ಲಿ ಧರ್ಮಪುರಿಯ ರೈಲು ಹೊಸೂರಿನವರೆಗೂ ಬಂತು. ಹಳಿಗಳ ನಡುವಿನ ಅಗಲ ಎರಡೂವರೆ ಅಡಿ ಮಾತ್ರ. ಬರ ಬಂದರೆ ಧಾನ್ಯ ತಲುಪಿಸಬೇಕು ಎಂಬುದೇ ಇವುಗಳ ಮುಖ್ಯ ಉದ್ದೇಶ. ಅದರ ಜೊತೆಗೆ ಹೊಸೂರಿನ ಪ್ರಯಾಣಿಕ ಮೊರಪ್ಪೂರಿನಲ್ಲಿ ರೈಲು ಬದಲಿಸಿ ಸೇಲಂಗೋ ಮದರಾಸಿಗೋ ಹೋಗಬಹುದಾಯಿತು.

ಆದರೆ ಆ ರೈಲು ಬಾಳಲಿಲ್ಲ. ಬಸ್ಸುಗಳು ಬಂದವು, ಆಮೇಲೆ ಎರಡನೆಯ ಮಹಾಯುದ್ಧ ಬಂತು. 1941ರಲ್ಲಿ ಹೊಸೂರಿನ ಸಣ್ಣ ರೈಲು ನಿಂತಿತು, ಹಳಿಗಳನ್ನೂ ಕಿತ್ತರು. ಮತ್ತೆ ಹೊಸೂರಿಗೆ ಹಳಿ ಬರಲು 1960ರ ದಶಕದ ಬೆಂಗಳೂರು ಸೇಲಂ ಮೀಟರ್ ಗೇಜ್ ದಾರಿಯವರೆಗೂ ಕಾಯಬೇಕಾಯಿತು. ಬಂದ ಸೌಕರ್ಯ ಹೋಗುವುದಿಲ್ಲ ಎಂದು ನಾವು ತಿಳಿದಿರುತ್ತೇವೆ. ನಮ್ಮ ಊರಿನ ಅನುಭವ ಹಾಗಿಲ್ಲ.

1917ರಿಂದ 1919ರವರೆಗೆ ರಾಜಾಜಿ ಸೇಲಂ ಪುರಸಭೆಯ ಅಧ್ಯಕ್ಷರಾಗಿದ್ದರು. ಆಗಿನ ಒಂದು ಸಂಗತಿ ಇಂದಿಗೂ ಪ್ರಸಿದ್ಧ. ಅಗ್ರಹಾರದ ಬೀದಿಗೆ ಕೊಳಾಯಿ ನೀರು ಬಿಡುವ ಕೆಲಸಕ್ಕೆ ಒಬ್ಬ ದಲಿತ ನೌಕರನನ್ನು ನೇಮಿಸಿದರು. ಬೀದಿಯವರು ಕೂಗಾಡಿದರು. ಅಧ್ಯಕ್ಷರು ಜಗ್ಗಲಿಲ್ಲ. ರೈಲಿನ ಮೂರನೆಯ ದರ್ಜೆಯ ಬೋಗಿಯಲ್ಲಿ ಯಾರು ಯಾರ ಪಕ್ಕ ಕೂರುತ್ತಾರೆ ಎಂದು ಕೇಳುವಂತಿರಲಿಲ್ಲ. ಟಿಕೆಟ್ ಇದ್ದವನಿಗೆ ಜಾಗ. ಆದರೆ ರೈಲಿನಿಂದ ಇಳಿದು ತನ್ನ ಬೀದಿಗೆ ಬಂದ ಕೂಡಲೇ ಮನುಷ್ಯನಿಗೆ ಹಳೆಯ ಮಡಿ ನೆನಪಾಗುತ್ತಿತ್ತು. ಅದನ್ನು ಬಿಡಿಸುವುದು ಹಳಿಯಿಂದ ಆಗುವ ಕೆಲಸವಲ್ಲ, ಆಡಳಿತ ಗಟ್ಟಿಯಾಗಿ ನಿಲ್ಲಬೇಕು ಎಂಬುದನ್ನು ಅವರು ಆಗಲೇ ತೋರಿಸಿದರು.

ರೈಲು ಬಿಟ್ಟು ನಡೆದದ್ದು

1919ರಲ್ಲಿ ರಾಜಾಜಿ ಮದರಾಸಿಗೆ ಬಂದರು. ಆ ವರ್ಷದ ಮಾರ್ಚಿಯಲ್ಲಿ ಗಾಂಧೀಜಿ ಮದರಾಸಿಗೆ ಬಂದಾಗ ಅವರ ಪರಿಚಯವಾಯಿತು. ವಕೀಲಿ ಬಿಟ್ಟರು, ಜೈಲಿಗೆ ಹೋದರು. 1925ರಲ್ಲಿ ತಿರುಚೆಂಗೋಡಿನ ಹತ್ತಿರ ಪುದುಪಾಳ್ಯಂ ಎಂಬ ಹಳ್ಳಿಯಲ್ಲಿ ಗಾಂಧಿ ಆಶ್ರಮ ತೆರೆದರು. ಹೈಕೋರ್ಟಿನ ಮಟ್ಟದ ವಕೀಲಿ ಮಾಡಬಹುದಾಗಿದ್ದವರು ಮಕ್ಕಳನ್ನು ಕಟ್ಟಿಕೊಂಡು ಬಂದು ಗುಡಿಸಲಿನಂಥ ಮನೆಯಲ್ಲಿ ಇದ್ದರು. ಪತ್ನಿ ಅಲಮೇಲು ಮಂಗಮ್ಮ ಅದಕ್ಕೂ ಮೊದಲೇ ತೀರಿಕೊಂಡಿದ್ದರು. ಸುತ್ತಲ ಹಳ್ಳಿಗಳ ಹೆಂಗಸರಿಗೆ ಹತ್ತಿ ಕೊಡುವುದು, ನೂತ ನೂಲು ತೆಗೆದುಕೊಂಡು ಕೂಲಿ ಕೊಡುವುದು, ನೇಯಿಸುವುದು, ಮಾರುವುದು: ಇದು ಆಶ್ರಮದ ಕೆಲಸ. ದೂರದ ಮಿಲ್ಲಿನ ಬಟ್ಟೆ ಹಡಗು, ರೈಲು ಹತ್ತಿ ಅಗ್ಗವಾಗಿ ಹಳ್ಳಿಗೆ ಬಂದಾಗ ಹಳ್ಳಿಯ ರಾಟೆ ನಿಂತುಹೋಗಿತ್ತು. ಸಾಗಣೆ ಸುಲಭವಾದರೆ ಕೊಳ್ಳುವವನಿಗೆ ಲಾಭ, ಆದರೆ ಮನೆಯಲ್ಲಿ ನೂಲುತ್ತಿದ್ದವಳ ಕೂಲಿ ಹೋಗುತ್ತದೆ. ಈ ಎರಡನೆಯ ಮುಖವನ್ನು ರಾಜಾಜಿ ಪುದುಪಾಳ್ಯದಲ್ಲಿ ಕಣ್ಣಾರೆ ಕಂಡರು.

1927ರಲ್ಲಿ ಗಾಂಧೀಜಿಗೆ ಆರೋಗ್ಯ ಕೆಟ್ಟು ನಂದಿಬೆಟ್ಟದಲ್ಲಿ, ಆಮೇಲೆ ಬೆಂಗಳೂರಿನ ಕುಮಾರ ಪಾರ್ಕಿನಲ್ಲಿ ವಿಶ್ರಾಂತಿ ಪಡೆದರು. ಆಗ ರಾಜಾಜಿಯವರೂ ಮಗಳು ಲಕ್ಷ್ಮಿಯೂ ಬೆಂಗಳೂರಿನಲ್ಲಿ ಜೊತೆಗಿದ್ದರು. ಗಾಂಧೀಜಿಯ ಮಗ ದೇವದಾಸರಿಗೂ ಲಕ್ಷ್ಮಿಗೂ ಮನಸ್ಸು ಕೂಡಿದ್ದು ಆ ದಿನಗಳಲ್ಲೇ. ಹಿರಿಯರು ಇಬ್ಬರೂ ಕಾಯಬೇಕೆಂದರು. ಕಾದರು. 1933ರಲ್ಲಿ ಪುಣೆಯಲ್ಲಿ ಮದುವೆಯಾಯಿತು. ಗುಜರಾತಿನ ವೈಶ್ಯರ ಮಗ, ಹೊಸೂರು ಸೀಮೆಯ ಅಯ್ಯಂಗಾರ್ ಮಗಳು. ಎತ್ತಿನ ಗಾಡಿಯ ಕಾಲದಲ್ಲಿ ಹತ್ತು ಹರಿದಾರಿಯೊಳಗೆ ಸಂಬಂಧ ಹುಡುಕುತ್ತಿದ್ದವರಿಗೆ ಇದು ಸಣ್ಣ ಮಾತಾಗಿರಲಿಲ್ಲ.

1930ರ ವೇದಾರಣ್ಯದ ಉಪ್ಪಿನ ಸತ್ಯಾಗ್ರಹ ರಾಜಾಜಿಯವರ ಜೀವನದ ದೊಡ್ಡ ಅಧ್ಯಾಯ. ಏಪ್ರಿಲ್ 13ರಂದು ತಿರುಚಿನಾಪಳ್ಳಿಯಿಂದ ಸುಮಾರು ನೂರು ಜನ ಸ್ವಯಂಸೇವಕರೊಡನೆ ಹೊರಟರು. ತಂಜಾವೂರು, ಕುಂಭಕೋಣಂ, ತಿರುತುರೈಪೂಂಡಿ ಮಾರ್ಗವಾಗಿ ಸಮುದ್ರ ತೀರದ ವೇದಾರಣ್ಯಕ್ಕೆ ಸುಮಾರು 240 ಕಿಲೋಮೀಟರು. ತಂಜಾವೂರು, ಕುಂಭಕೋಣಂಗಳಿಗೆಲ್ಲ ಆಗ ರೈಲಿತ್ತು. ರೈಲಿನಲ್ಲಿ ಒಂದು ದಿನದಲ್ಲಿ ಮುಗಿಯಬಹುದಾದ ದೂರಕ್ಕೆ ಅವರು ಹದಿನೈದು ದಿನ ಬೇಕೆಂದೇ ತೆಗೆದುಕೊಂಡರು. ರೈಲಿನಲ್ಲಿ ಹೋದರೆ ಸ್ಟೇಷನ್ನುಗಳು ಮಾತ್ರ ಸಿಗುತ್ತವೆ, ನಡೆದು ಹೋದರೆ ಪ್ರತಿ ಊರೂ ಸಿಗುತ್ತದೆ. ಊರೂರಲ್ಲಿ ನಿಂತು ಖಾದಿಯ ಬಗ್ಗೆ, ಅಸ್ಪೃಶ್ಯತೆ ಹೋಗಬೇಕೆಂಬ ಬಗ್ಗೆ ಮಾತನಾಡಿದರು. ನಾಮಕ್ಕಲ್ ರಾಮಲಿಂಗಂ ಪಿಳ್ಳೆಯವರು ಈ ನಡಿಗೆಗೆಂದೇ ಹಾಡು ಬರೆದಿದ್ದರು.

ತಂಜಾವೂರಿನ ಕಲೆಕ್ಟರ್ ಥಾರ್ನ್ ಇವರಿಗೆ ಅನ್ನ, ಆಶ್ರಯ ಕೊಟ್ಟವರಿಗೆ ಶಿಕ್ಷೆ ಎಂದು ಹೊರಡಿಸಿದರು. ಜನ ಉಪಾಯ ಕಂಡುಕೊಂಡರು. ದಾರಿಯ ಬದಿಯ ಮರದ ಕೊಂಬೆಗಳಿಗೆ ಊಟದ ಪೊಟ್ಟಣ ಕಟ್ಟಿಟ್ಟು ಹೋದರು. ಕೊಟ್ಟವರು ಯಾರು ಎಂದು ಯಾರಿಗೂ ಗೊತ್ತಿಲ್ಲ, ಹಸಿದವರು ಮಾತ್ರ ಯಾರೂ ಇಲ್ಲ. ಏಪ್ರಿಲ್ 28ಕ್ಕೆ ವೇದಾರಣ್ಯ ಮುಟ್ಟಿ, 30ರಂದು ಉಪ್ಪು ತೆಗೆದು, ರಾಜಾಜಿ ಬಂಧನಕ್ಕೊಳಗಾದರು.

ಪೆಟ್ರೋಲಿನ ತೆರಿಗೆ, ಗಡಿಯ ಗೇಟು

1937ರಲ್ಲಿ ರಾಜಾಜಿ ಮದರಾಸು ಪ್ರಾಂತದ ಪ್ರಧಾನಮಂತ್ರಿಯಾದರು. ಈಗಿನ ಲೆಕ್ಕದಲ್ಲಿ ಮುಖ್ಯಮಂತ್ರಿ. ಆ ವರ್ಷ ಅಕ್ಟೋಬರ್ 1ರಿಂದ ತಮ್ಮ ಸೇಲಂ ಜಿಲ್ಲೆಯಲ್ಲೇ ಮೊದಲು ಪಾನನಿರೋಧ ತಂದರು. ಹೊಸೂರೂ ಅದಕ್ಕೆ ಸೇರಿತು. ಗಡಿಯಾಚೆ ಮೈಸೂರು ಸಂಸ್ಥಾನದಲ್ಲಿ ಆ ಕಾನೂನು ಇರಲಿಲ್ಲ. ಗಡಿಯಲ್ಲಿರುವ ನಮಗೆ ಇದರ ಅರ್ಥ ಹೇಳಬೇಕಾಗಿಲ್ಲ. ಒಂದೇ ರಸ್ತೆ, ಈ ಕಡೆ ಒಂದು ಕಾನೂನು, ಆ ಕಡೆ ಇನ್ನೊಂದು.

ಅಬಕಾರಿ ಹಣ ಹೋದ ಮೇಲೆ ಖಜಾನೆ ತುಂಬಿಸುವುದು ಹೇಗೆ? ಕಚೇರಿಯಲ್ಲಿ ಕೆಲಸ ಮಾಡಿ ಬಂದ ನಮ್ಮಂಥವರಿಗೆ ಈ ಭಾಗ ರುಚಿಸುತ್ತದೆ. 1939ರಲ್ಲಿ ರಾಜಾಜಿ ಸರಕಾರ ಎರಡು ತೆರಿಗೆ ತಂದಿತು. ಒಂದು, ಮೋಟಾರ್ ಸ್ಪಿರಿಟ್ ಅಂದರೆ ಪೆಟ್ರೋಲ್ ಮಾರಾಟದ ಮೇಲೆ. ಇನ್ನೊಂದು, ಸಾಮಾನ್ಯ ಸರಕಿನ ಮಾರಾಟ ತೆರಿಗೆ. ಎಲ್ಲ ಸರಕಿಗೂ ಅನ್ವಯಿಸುವ ಮಾರಾಟ ತೆರಿಗೆ ಇಡೀ ದೇಶದಲ್ಲಿ ಮೊದಲು ಬಂದದ್ದು ಮದರಾಸಿನಲ್ಲೇ. ವ್ಯಾಪಾರಿಗಳು ವಿರೋಧಿಸಿದರು. ಆದರೆ ಮಿಕ್ಕ ಪ್ರಾಂತಗಳೂ ಒಂದೊಂದಾಗಿ ಅದನ್ನೇ ಹಿಡಿದವು, ಮುಂದೆ ರಾಜ್ಯಗಳ ಬೊಕ್ಕಸಕ್ಕೆ ಅದೇ ಆಧಾರವಾಯಿತು. ಹೆಂಡದ ಹಣ ಬಿಟ್ಟು ಸರಕಿನ ಓಡಾಟದಿಂದ ಹಣ ತೆಗೆಯುವ ಈ ಲೆಕ್ಕ ಲಾರಿ, ಬಸ್ಸುಗಳು ಹೆಚ್ಚಿದ್ದರಿಂದಲೇ ಸಾಧ್ಯವಾಯಿತು.

ಅದರ ಇನ್ನೊಂದು ಫಲವನ್ನು ಅತ್ತಿಬೆಲೆ, ಜೂಜುವಾಡಿಯ ನಡುವೆ ಓಡಾಡಿದವರೆಲ್ಲ ಕಂಡಿದ್ದಾರೆ. ರಾಜ್ಯಕ್ಕೊಂದು ಮಾರಾಟ ತೆರಿಗೆ ಇದ್ದ ಮೇಲೆ ಗಡಿಗೊಂದು ಚೆಕ್‌ಪೋಸ್ಟು ಬೇಕಾಯಿತು. ಲಾರಿಗಳ ಸಾಲು ನಿಲ್ಲುತ್ತಿತ್ತು, ಟೊಮೇಟೊ ಬಾಡುತ್ತಿತ್ತು, ಚಾಲಕ ರಸ್ತೆ ಬದಿಯಲ್ಲೇ ಅಡಿಗೆ ಮಾಡಿಕೊಳ್ಳುತ್ತಿದ್ದ. 2017ರ ಜುಲೈನಲ್ಲಿ ಜಿ.ಎಸ್.ಟಿ. ಬಂದ ಮೇಲೆ ಆ ತೆರಿಗೆಯ ಗೇಟುಗಳು ಹೋದವು.

1939ರಲ್ಲೇ ದೇವಾಲಯ ಪ್ರವೇಶಕ್ಕೆ ರಕ್ಷಣೆ ಕೊಡುವ ಕಾನೂನು, ಅದಕ್ಕೆ ಹಿಂದೆ ರೈತರ ಸಾಲ ಪರಿಹಾರದ ಕಾನೂನು ಬಂದವು. ಶಾಲೆಗಳಲ್ಲಿ ಹಿಂದಿ ಕಡ್ಡಾಯ ಮಾಡಿದ್ದಕ್ಕೆ ಭಾರಿ ಚಳವಳಿಯೂ ಎದ್ದಿತು. ಗಡಿನಾಡಿನಲ್ಲಿ ಮಕ್ಕಳ ಭಾಷೆಯ ವಿಷಯದಲ್ಲಿ ಸದಾ ಎಚ್ಚರವಾಗಿರಬೇಕಾದ ನಾವು ಆ ಚಳವಳಿಗಾರರ ನೋವನ್ನು ಹಗುರವಾಗಿ ಕಾಣಲಾರೆವು.

1952: ಧಾನ್ಯಕ್ಕೆ ದಾರಿ ಬಿಟ್ಟದ್ದು

ನಡುವಿನ ವರ್ಷಗಳನ್ನು ಬೇಗ ಹೇಳಿ ಮುಗಿಸುತ್ತೇವೆ. 1942ರ ಚಳವಳಿಯನ್ನು ಒಪ್ಪದೆ ಕಾಂಗ್ರೆಸ್ಸಿನಿಂದ ದೂರವಾದರು, ಮತ್ತೆ ಹತ್ತಿರವಾದರು. ಸ್ವಾತಂತ್ರ್ಯ ಬಂದಾಗ ಪಶ್ಚಿಮ ಬಂಗಾಳದ ರಾಜ್ಯಪಾಲರು. 1948ರ ಜೂನ್‌ನಿಂದ 1950ರ ಜನವರಿ 26ರವರೆಗೆ ಭಾರತದ ಗವರ್ನರ್ ಜನರಲ್. ಆ ಹುದ್ದೆಯಲ್ಲಿ ಕೂತ ಒಬ್ಬನೇ ಭಾರತೀಯ, ಕಡೆಯವರೂ ಅವರೇ. ತೊರಪಲ್ಲಿಯ ಮುನಸೀಫರ ಮಗ ವೈಸ್‌ರಾಯರ ಅರಮನೆಯಲ್ಲಿ ಇದ್ದು ಬಂದರು. ಆಮೇಲೆ ಕೇಂದ್ರದ ಗೃಹಮಂತ್ರಿ. ವಿಶ್ರಾಂತಿಗೆಂದು ಊರಿಗೆ ಬಂದವರನ್ನು 1952ರಲ್ಲಿ ಮದರಾಸಿನ ಮುಖ್ಯಮಂತ್ರಿ ಮಾಡಿದರು. ಆಗ ವಯಸ್ಸು 73.

ಯುದ್ಧಕಾಲದಿಂದ ಬಂದ ಧಾನ್ಯ ನಿಯಂತ್ರಣ ಆಗಲೂ ಇತ್ತು. ರೇಷನ್ ಕಾರ್ಡು, ಕಡ್ಡಾಯ ಲೆವಿ, ಒಂದು ಜಿಲ್ಲೆಯಿಂದ ಇನ್ನೊಂದು ಜಿಲ್ಲೆಗೆ ಭತ್ತ ಸಾಗಿಸಲು ಪರ್ಮಿಟ್. ರಸ್ತೆಯಿದೆ, ರೈಲಿದೆ, ಲಾರಿಯಿದೆ. ಆದರೆ ಒಂದು ಮೂಟೆ ಅಕ್ಕಿ ಜಿಲ್ಲೆಯ ಗಡಿ ದಾಟುವಂತಿಲ್ಲ. 1877ರಲ್ಲಿ ಎತ್ತಿಲ್ಲದೆ ನಿಂತ ಧಾನ್ಯ ಈಗ ಕಾಗದವಿಲ್ಲದೆ ನಿಂತಿತ್ತು.

ರಾಜಾಜಿ ಅಧಿಕಾರಕ್ಕೆ ಬಂದ ಕೆಲವೇ ತಿಂಗಳಲ್ಲಿ ಈ ನಿಯಂತ್ರಣವನ್ನು ತೆಗೆದುಹಾಕಿದರು. ಆಗ ಮದರಾಸಿನಲ್ಲಿ ಮಳೆ ಸಾಲದ ವರ್ಷಗಳು. ಬೆಲೆ ಆಕಾಶಕ್ಕೆ ಏರುತ್ತದೆ, ಬಡವರು ಸಾಯುತ್ತಾರೆ ಎಂಬ ಭಯ ಅನೇಕರಿಗಿತ್ತು. ಕೇಂದ್ರದ ಆಹಾರ ಮಂತ್ರಿ ರಫಿ ಅಹಮದ್ ಕಿದ್ವಾಯಿಯವರು ಬೆಂಬಲ ಕೊಟ್ಟರು. ಬಚ್ಚಿಟ್ಟ ದಾಸ್ತಾನು ಹೊರಗೆ ಬಂತು, ಗಾಡಿಗಳೂ ಲಾರಿಗಳೂ ಹೊರಟವು, ಹೆದರಿದ ಮಟ್ಟಕ್ಕೆ ಬೆಲೆ ಏರಲಿಲ್ಲ. ಮುಂದೆ ದೇಶದ ಬೇರೆ ಕಡೆಗಳಲ್ಲೂ ಕೆಲವು ವರ್ಷ ನಿಯಂತ್ರಣ ಸಡಿಲವಾಗಲು ಮದರಾಸಿನ ಈ ಅನುಭವ ಧೈರ್ಯ ಕೊಟ್ಟಿತು. ಅವರ ಆಡಳಿತದಲ್ಲಿ ಜನಸಾಮಾನ್ಯನ ಒಲೆಗೆ ನೇರವಾಗಿ ತಟ್ಟಿದ ಕೆಲಸ ಇದೇ ಎಂದು ನಮ್ಮ ಅಭಿಪ್ರಾಯ.

ಆದರೆ 1953ರಲ್ಲಿ ತಂದ ಪ್ರಾಥಮಿಕ ಶಿಕ್ಷಣ ಯೋಜನೆ ಅವರನ್ನೇ ಬೀಳಿಸಿತು. ಮಕ್ಕಳು ಅರ್ಧ ದಿನ ಶಾಲೆಯಲ್ಲಿ ಕಲಿತು ಉಳಿದ ಹೊತ್ತು ತಂದೆಯ ಕಸುಬು ಕಲಿಯಲಿ ಎಂಬ ಯೋಜನೆ. ಜಾತಿಯ ಕಸುಬಿಗೇ ಮಕ್ಕಳನ್ನು ಕಟ್ಟಿಹಾಕುತ್ತದೆ ಎಂದು ಜನ ಎದ್ದರು. 1954ರಲ್ಲಿ ಅವರು ಇಳಿದರು, ಕಾಮರಾಜರು ಬಂದರು, ಯೋಜನೆ ರದ್ದಾಯಿತು. ಧಾನ್ಯ ಗಡಿ ದಾಟಬೇಕು ಎಂದು ಅಷ್ಟು ಚೆನ್ನಾಗಿ ಕಂಡವರಿಗೆ, ಕುಂಬಾರನ ಮಗನೂ ಕುಂಬಾರಿಕೆಯ ಗಡಿ ದಾಟಬೇಕು ಎಂಬ ಆಸೆಯ ಬಲ ಏಕೆ ಕಾಣಲಿಲ್ಲವೋ. ತಾವೇ ಅಗ್ರಹಾರ ಬಿಟ್ಟು ಬೆಂಗಳೂರಿನ ಕಾಲೇಜಿಗೆ ಹೋದದ್ದರಿಂದ ರಾಜಾಜಿಯಾದವರು ಅವರು. ಅಭಿಮಾನವಿದ್ದರೂ ಇದನ್ನು ಹೇಳದೆ ಬಿಡುವುದು ಸರಿಯಲ್ಲ.

ಅದೇ 1954ರಲ್ಲಿ ಅವರಿಗೆ ಭಾರತರತ್ನ ಬಂತು. ಮೊದಲ ಸಲ ಆ ಗೌರವ ಪಡೆದ ಮೂವರಲ್ಲಿ ಅವರೊಬ್ಬರು. ಉಳಿದ ಇಬ್ಬರು ಡಾ. ರಾಧಾಕೃಷ್ಣನ್ ಮತ್ತು ಬೆಂಗಳೂರಿನಲ್ಲಿ ನೆಲೆಸಿದ್ದ ಸರ್ ಸಿ.ವಿ. ರಾಮನ್. 1958ರಲ್ಲಿ ಅವರ ತಮಿಳು ರಾಮಾಯಣಕ್ಕೆ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಸಂದಿತು.

ಪರ್ಮಿಟ್ ಮತ್ತು ವಿಮಾನ

80 ದಾಟಿದ ಮೇಲೆ ಜನ ಮನೆಯಲ್ಲಿ ಕೂರುತ್ತಾರೆ. ರಾಜಾಜಿ 1959ರಲ್ಲಿ ಸ್ವತಂತ್ರ ಪಕ್ಷ ಕಟ್ಟಿದರು. ಎಲ್ಲದಕ್ಕೂ ಲೈಸೆನ್ಸ್, ಪರ್ಮಿಟ್, ಕೋಟಾ ಕೇಳುವ ಆಡಳಿತಕ್ಕೆ ಅವರು ಇಟ್ಟ ಹೆಸರು ಇಂದಿಗೂ ಬಳಕೆಯಲ್ಲಿದೆ. ಬಸ್ಸು ಓಡಿಸಬೇಕಾದರೆ ರೂಟ್ ಪರ್ಮಿಟ್, ಲಾರಿ ಓಡಿಸಬೇಕಾದರೆ ಪರ್ಮಿಟ್. ಅದು ಸಿಕ್ಕವನು ಧಣಿ, ಸಿಗದವನು ಕಚೇರಿಯ ಮೆಟ್ಟಿಲು ಸವೆಸುವವನು. ಈ ಟೀಕೆಯಲ್ಲಿ ಸತ್ಯವಿದೆ. ಆದರೆ ಇನ್ನೊಂದು ಮಾತೂ ಇದೆ. 1948ರಲ್ಲಿ ಮೈಸೂರು ಸರಕಾರ ತನ್ನದೇ ಬಸ್ಸುಗಳನ್ನು ಶುರುಮಾಡಿತು, ಆಮೇಲೆ ತಮಿಳುನಾಡಿನಲ್ಲೂ ಸರಕಾರಿ ಸಾರಿಗೆ ಬೆಳೆಯಿತು. ಲಾಭವಿಲ್ಲದ ಹಳ್ಳಿಗೂ ದಿನಕ್ಕೆ ಎರಡು ಸಲ ಬಸ್ಸು ಹೋಗಿದ್ದು, ಆ ಬಸ್ಸಿನಲ್ಲಿ ಹಳ್ಳಿಯ ಹೆಣ್ಣುಮಕ್ಕಳು ಹೈಸ್ಕೂಲಿಗೆ ಹೋಗಿದ್ದು ಅದರಿಂದಲೇ. ನಮ್ಮ ಮಹಿಳಾ ಸದಸ್ಯರಲ್ಲಿ ಹೀಗೆ ಓದಿ ಕೆಲಸಕ್ಕೆ ಸೇರಿದವರು ಇದ್ದಾರೆ. ಯಾವುದೊಂದೇ ಸರಿ ಎನ್ನುವುದಕ್ಕಿಂತ, ಹಳ್ಳಿಯವನಿಗೆ ದಾರಿ ಸಿಕ್ಕಿತೇ ಎಂದು ಕೇಳುವುದು ಮೇಲು.

1962ರಲ್ಲಿ ಇನ್ನೊಂದು ದೊಡ್ಡ ಪಯಣ. ಅಣುಬಾಂಬ್ ಪರೀಕ್ಷೆಗಳನ್ನು ನಿಲ್ಲಿಸಬೇಕೆಂದು ಕೇಳಲು ಗಾಂಧಿ ಶಾಂತಿ ಪ್ರತಿಷ್ಠಾನದ ನಿಯೋಗ ಅಮೆರಿಕಕ್ಕೆ ಹೋಯಿತು. ರಾಜಾಜಿ ಮುಂದಾಳು. ಜೊತೆಗೆ ಹೋದ ಇಬ್ಬರೂ ಕನ್ನಡ ನಾಡಿನವರು ಎಂಬುದು ನಮಗೆ ಹೆಮ್ಮೆಯ ವಿಷಯ: ಧಾರವಾಡದ ರಂಗನಾಥ ದಿವಾಕರರು ಮತ್ತು ಮಂಗಳೂರಿನ ಬೆನಗಲ್ ಶಿವರಾಯರು. ಪಶ್ಚಿಮ ದೇಶಗಳಿಗೆ ರಾಜಾಜಿ ಕಾಲಿಟ್ಟದ್ದು ಅದೇ ಮೊದಲು, 83ನೆಯ ವಯಸ್ಸಿನಲ್ಲಿ. ಸೆಪ್ಟೆಂಬರ್ 28ರಂದು ಅಧ್ಯಕ್ಷ ಕೆನಡಿಯವರನ್ನು ಭೇಟಿಯಾದರು. ಮರುವರ್ಷ ಅಮೆರಿಕ, ರಷ್ಯ, ಬ್ರಿಟನ್ ಸೇರಿ ಪರೀಕ್ಷೆಗಳಿಗೆ ಭಾಗಶಃ ತಡೆ ಹಾಕುವ ಒಪ್ಪಂದಕ್ಕೆ ಸಹಿ ಹಾಕಿದವು. ಅದಕ್ಕೆ ಕಾರಣಗಳು ಹಲವು. ಈ ವೃದ್ಧರ ದನಿಯೂ ಆ ಕೂಗಿನಲ್ಲಿ ಒಂದಾಗಿತ್ತು.

1971ರಲ್ಲಿ ತಮಿಳುನಾಡು ಸರಕಾರ ಪಾನನಿರೋಧ ತೆಗೆಯಲು ಹೊರಟಾಗ, 92 ವರ್ಷದ ರಾಜಾಜಿ ಮಳೆಯಲ್ಲೇ ಮುಖ್ಯಮಂತ್ರಿ ಕರುಣಾನಿಧಿಯವರ ಮನೆಗೆ ಹೋಗಿ ಬೇಡವೆಂದು ಕೇಳಿಕೊಂಡರು ಎಂದು ಹೇಳುತ್ತಾರೆ. ಮಾತು ನಡೆಯಲಿಲ್ಲ. 34 ವರ್ಷ ಹಿಂದೆ ತಾವೇ ಸೇಲಂನಲ್ಲಿ ಶುರುಮಾಡಿದ್ದು ಕಣ್ಣೆದುರಿಗೇ ಹೋಯಿತು. ಮರುವರ್ಷ ಡಿಸೆಂಬರಿನಲ್ಲಿ ಕಣ್ಣುಮುಚ್ಚಿದರು.

ಈಗಿನ ತೊರಪಲ್ಲಿ

ಅವರು ತೀರಿಕೊಂಡ ಸ್ವಲ್ಪ ದಿನಕ್ಕೇ ಹೊಸೂರಿನಲ್ಲಿ ಸಿಪ್‌ಕಾಟ್ ಕೈಗಾರಿಕಾ ಪ್ರದೇಶ ಬಂತು. 1980ರಲ್ಲಿ ಅಶೋಕ್ ಲೇಲ್ಯಾಂಡ್ ಕಾರ್ಖಾನೆ ಶುರುವಾಯಿತು, ಅದೇ ವರ್ಷ ಟಿ.ವಿ.ಎಸ್. 50 ಮೊಪೆಡ್ ಹೊಸೂರಿನಿಂದ ಹೊರಬಂತು. ಹಾಲಿನವನು, ಹೂವಿನವಳು, ಮೇಷ್ಟರು, ಕಂತಿನಲ್ಲಿ ಬಟ್ಟೆ ಮಾರುವವನು, ಎಲ್ಲರ ಕೈಗೂ ಒಂದು ಬಂಡಿ ಬಂತು. ಈಗ ಎಲೆಕ್ಟ್ರಿಕ್ ಸ್ಕೂಟರುಗಳೂ ನಮ್ಮ ಜಿಲ್ಲೆಯಲ್ಲೇ ತಯಾರಾಗುತ್ತಿವೆ. ಹೊಸೂರಿನ ಗುಲಾಬಿ, ಕೃಷ್ಣಗಿರಿಯ ಮಾವು ದೂರದೂರುಗಳಿಗೆ ಹೋಗುತ್ತವೆ. ಹೆದ್ದಾರಿಯಲ್ಲಿ ಹಗಲು ರಾತ್ರಿ ಲಾರಿ ನಿಲ್ಲುವುದಿಲ್ಲ.

ತೊರಪಲ್ಲಿಯಲ್ಲಿ ರಾಜಾಜಿ ಹುಟ್ಟಿದ ಮನೆಯನ್ನು ತಮಿಳುನಾಡು ಸರಕಾರ ಸ್ಮಾರಕವಾಗಿ ಉಳಿಸಿದೆ. ಹೆದ್ದಾರಿಯ ಗದ್ದಲದಿಂದ ಒಳಗೆ ತಿರುಗಿದರೆ ಸಣ್ಣ ಮನೆ, ಚಿತ್ರಗಳು. ನೋಡಲು ಬರುವವರು ಕಡಿಮೆ. ಬೆಂಗಳೂರಿಗೆ ದಿನವೂ ಓಡುವ ನಮ್ಮ ಮಕ್ಕಳಿಗೆ, ಈ ದಾರಿಯಲ್ಲಿ ಮೊದಲು ಹೋದ ಹುಡುಗರಲ್ಲಿ ಒಬ್ಬ ಈ ದೇಶದ ಅತ್ಯುನ್ನತ ಪೀಠದಲ್ಲಿ ಕೂತ ಎಂಬುದು ಗೊತ್ತಿರಬೇಕಲ್ಲವೇ?

ಆದ್ದರಿಂದ ಈ ಡಿಸೆಂಬರ್ 10ರಂದು ಸಂಘದ ವತಿಯಿಂದ ತೊರಪಲ್ಲಿಗೆ ಹೋಗಿ ಬರುವುದೆಂದು ಗೊತ್ತುಮಾಡಿದ್ದೇವೆ. ಮಕ್ಕಳನ್ನು, ಮೊಮ್ಮಕ್ಕಳನ್ನು ತಪ್ಪದೆ ಕರೆತನ್ನಿ. ಸಣ್ಣ ರೈಲಿನ ಬಗ್ಗೆ ತಂದೆ ತಾತಂದಿರಿಂದ ಕೇಳಿದ ನೆನಪು ಯಾರ ಮನೆಯಲ್ಲಾದರೂ ಇದ್ದರೆ, ಹಳೆಯ ಚಿತ್ರವಿದ್ದರೆ, ದಯವಿಟ್ಟು ಬರೆದು ಕಳುಹಿಸಿ. ಮುಂದಿನ ಸಂಚಿಕೆಯಲ್ಲಿ ಪ್ರಕಟಿಸುತ್ತೇವೆ. ಹೊರಡುವ ಸಮಯವನ್ನು ಕಾರ್ಯಕ್ರಮ ಪುಟದಲ್ಲಿ ತಿಳಿಸಲಾಗುವುದು.

ಇತಿ ತಮ್ಮ ವಿಶ್ವಾಸಿ,
ಕಾರ್ಯದರ್ಶಿ